ಮದುವೆಯಾಗಿ ದುಬೈಗೋ ಶಾರ್ಜಾಕ್ಕೋ ಹೊರಟ ಕಾಸರಗೋಡಿನ ಜೋಡಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಹೊಸದಾಗಿ ಬಂದವರು, ಬರಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಗಂಡ ಓದಿ ಹೆಂಡತಿಗೆ ಸಾರಾಂಶ ಹೇಳುವ ಪದ್ಧತಿ ಬೇಡ. ಇಬ್ಬರೂ ಓದಿ.

ಹೊರಡುವ ಮೊದಲು ಯಾವ ಕಾಗದ ಸರಿ ಮಾಡಿಕೊಳ್ಳಬೇಕು?

ಮದುವೆ ಸರ್ಟಿಫಿಕೇಟು. ಅದರಲ್ಲಿ ಎರಡು ಮಾತಿಲ್ಲ. ಗಂಡನ ವೀಸಾದಲ್ಲಿ ಹೆಂಡತಿಯನ್ನೋ, ಹೆಂಡತಿಯ ವೀಸಾದಲ್ಲಿ ಗಂಡನನ್ನೋ ಕರೆಸಿಕೊಳ್ಳಲು ಅದು ಬೇಕೇ ಬೇಕು, ಅದಕ್ಕೆ ಅಟೆಸ್ಟೇಶನ್, ಅಂದರೆ ಸರಕಾರದ ದೃಢೀಕರಣ, ಆಗಿರಬೇಕು. ಮೊದಲು ರಾಜ್ಯ ಸರಕಾರ, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಇಲ್ಲಿಗೆ ಬಂದ ಮೇಲೆ ಇಲ್ಲಿನ ವಿದೇಶಾಂಗ ಸಚಿವಾಲಯ. ಬೇರೆ ಕೆಲವು ದೇಶಗಳಿಗೆ ಸಾಕಾಗುವ ಅಪಾಸ್ಟಿಲ್ ಮುದ್ರೆಯನ್ನು ನಂಬಿ ಹೊರಡಬೇಡಿ.

ನಮ್ಮಂಥ ಗಡಿಯವರಿಗೆ ಒಂದು ವಿಶೇಷ ತಾಪತ್ರಯ ಉಂಟು. ಹುಡುಗ ಬದಿಯಡ್ಕದವ, ಹುಡುಗಿ ಪುತ್ತೂರಿನವಳು, ಮದುವೆ ಪುತ್ತೂರಿನ ಹಾಲ್‌ನಲ್ಲಿ. ಆಗ ನೋಂದಣಿ ಕರ್ನಾಟಕದ್ದು, ಅಟೆಸ್ಟೇಶನ್ ಕೂಡ ಕರ್ನಾಟಕದ ದಾರಿಯಲ್ಲೇ ಹೋಗಬೇಕು. ಅನಿವಾಸಿಗಳಿಗಾಗಿ ಕೇರಳ ಸರಕಾರ ನಡೆಸುವ ನೋರ್ಕಾದ ಕೌಂಟರಿಗೆ ಒಯ್ದರೆ ವಾಪಸು ಕಳಿಸುತ್ತಾರೆ. ಮದುವೆ ಕೇರಳದೊಳಗೆ ಆದರೆ ಮದುವೆ ನಡೆದ ಪಂಚಾಯತಿನಲ್ಲೋ ನಗರಸಭೆಯಲ್ಲೋ ನೋಂದಣಿ. 45 ದಿನದೊಳಗೆ ಮಾಡಿಸಿದರೆ ಸಲೀಸು, ತಡವಾದರೆ ದಂಡ, ಅಲೆದಾಟ. ಓದಿದ ಸರ್ಟಿಫಿಕೇಟುಗಳಿಗೂ ಇದೇ ನಿಯಮ. ಕಣ್ಣೂರು ವಿಶ್ವವಿದ್ಯಾನಿಲಯದ ಡಿಗ್ರಿಗೆ ಕೇರಳದ ದಾರಿ, ಮಂಗಳೂರು ವಿಶ್ವವಿದ್ಯಾನಿಲಯದ ಡಿಗ್ರಿಗೆ ಕರ್ನಾಟಕದ ದಾರಿ. ಒಂದೇ ಮನೆಯ ಎರಡು ಫೈಲು ಎರಡು ರಾಜಧಾನಿಗಳಿಗೆ ಓಡುವುದು ನಮ್ಮಲ್ಲಿ ಮಾಮೂಲಿ.

ಹೆಂಡತಿ ಈಗ ಕೆಲಸಕ್ಕೆ ಹೋಗುವುದಿಲ್ಲ, ಅವಳ ಡಿಗ್ರಿಗೆ ಯಾಕೆ ಅಟೆಸ್ಟೇಶನ್ ಎಂದು ಮಾವಂದಿರು ಕೇಳಬಹುದು. ಈಗಲೇ ಮಾಡಿಸಿ. ಕೆಲಸ ಸಿಕ್ಕಾಗ ಸರ್ಟಿಫಿಕೇಟು ಊರಿನ ಗೋದ್ರೇಜಿನಲ್ಲಿ ಇದ್ದರೆ ಏನೂ ಉಪಯೋಗವಿಲ್ಲ.

ನನ್ನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದೆ, ಸರ್‌ನೇಮ್ ಖಾಲಿ. ತೊಂದರೆಯಾ?

ಆಗಬಹುದು. ಸರ್‌ನೇಮ್ ಇಲ್ಲದ ಪಾಸ್‌ಪೋರ್ಟಿನಲ್ಲಿ ವಿಸಿಟ್ ವೀಸಾದ ಮೇಲೆ ಬರುವವರನ್ನು ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ತಂದಿತು. ಕಡೆಯ ಪುಟದಲ್ಲಿ ತಂದೆಯ ಹೆಸರು ಇದ್ದರೆ ಆಗುತ್ತದೆ ಎಂದು ಆಮೇಲೆ ಸ್ವಲ್ಪ ಸಡಿಲಿಸಿದರು. ಆದರೂ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಂತು ವಾದ ಮಾಡುವುದಕ್ಕಿಂತ ಊರಲ್ಲೇ ಸರಿ ಮಾಡಿಸುವುದು ಒಳ್ಳೆಯದು. ನಮ್ಮಲ್ಲಿ ಹೆಸರಿನ ಮುಂದೆ ಊರಿನದ್ದೋ ಮನೆತನದ್ದೋ ಇನಿಷಿಯಲ್, ಹಿಂದೆ ಭಟ್, ರೈ, ಶೆಟ್ಟಿ. ಶಾಲೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಮದುವೆ ಸರ್ಟಿಫಿಕೇಟಿನಲ್ಲಿ ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ, ಅಕ್ಷರ ತಪ್ಪದೆ ಬರೆಸಿ.

ಪೆಟ್ಟಿಗೆಯಲ್ಲಿ ಏನೆಲ್ಲ ತರಬಹುದು? ಅತ್ತೆ ಮೂರು ಕಟ್ಟು ಕಟ್ಟಿಟ್ಟಿದ್ದಾರೆ.

ಕಟ್ಟು ಬಿಚ್ಚಿ ನೋಡಿ. ಗಸಗಸೆ ಇದ್ದರೆ ತೆಗೆದಿಡಿ. ಊರಲ್ಲಿ ಅದು ಪಾಯಸದ ಸಾಮಾನು, ಇಲ್ಲಿ ಮಾದಕ ವಸ್ತುಗಳ ಪಟ್ಟಿಯಲ್ಲಿ ಬರುತ್ತದೆ. ಒಂದು ಚಮಚವೂ ಬೇಡ, ಗರಂ ಮಸಾಲೆಗೆ ಹಾಕಿ ಹುಡಿ ಮಾಡಿದ್ದೂ ಬೇಡ. ಎಲೆ ಅಡಿಕೆಗೂ ನಿಷೇಧ. ಅಡಿಕೆ ತೋಟದ ನಡುವೆ ಬೆಳೆದವರಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ, ಆದರೆ ಅಜ್ಜನ ಎಲೆಪೆಟ್ಟಿಗೆ ಊರಲ್ಲೇ ಇರಲಿ. ಇಡೀ ಒಣ ಕೊಬ್ಬರಿಯನ್ನು ಲಗೇಜಿನಲ್ಲಿ ಹಾಕಲು ವಿಮಾನ ನಿಲ್ದಾಣದಲ್ಲೇ ಬಿಡುವುದಿಲ್ಲ, ಎಣ್ಣೆ ಅಂಶ ಜಾಸ್ತಿ, ಬೆಂಕಿ ಹಿಡಿಯುವ ವಸ್ತು ಎಂಬ ಲೆಕ್ಕ.

ಔಷಧಿ ಇದ್ದರೆ ಚೀಟಿ ಜೊತೆಗಿರಲಿ. ಕೊಡೈನ್, ಟ್ರಮಡಾಲ್ ಇರುವ ಗುಳಿಗೆಗಳಿಗೆ ಇಲ್ಲಿನ ಸರಕಾರದ ಅನುಮತಿ ಮೊದಲೇ ತೆಗೆದುಕೊಳ್ಳಬೇಕು. ಲೇಬಲ್ಲಿಲ್ಲದ ಬಾಟಲಿಯ ಕಷಾಯವನ್ನು ನಾನಾದರೆ ತರುವುದಿಲ್ಲ.

ತರಬೇಕಾದದ್ದು: ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ (ಚೆನ್ನಾಗಿ ಸೀಲ್ ಮಾಡಿ, ಕೈಚೀಲದಲ್ಲಿ ಅಲ್ಲ, ದೊಡ್ಡ ಪೆಟ್ಟಿಗೆಯಲ್ಲಿ), ಮನೆಯ ಸಾರಿನ ಹುಡಿ. ಕುಚ್ಚಲಕ್ಕಿ ತರಬೇಡಿ. ಕೆಂಪು ಮಟ್ಟ ಅಕ್ಕಿ, ತೆಂಗಿನಕಾಯಿ, ಬಸಳೆ, ನುಗ್ಗೆ ಎಲ್ಲ ಇಲ್ಲೇ ಸಿಗುತ್ತವೆ. ಮಿಕ್ಸಿಯನ್ನು ತರುವುದಾದರೆ ತನ್ನಿ, ಕರೆಂಟು ನಮ್ಮಲ್ಲಿಯ ಹಾಗೇ 50 ಹರ್ಟ್ಸ್, 220ರಿಂದ 240 ವೋಲ್ಟಿನೊಳಗೆ. ಪಿನ್ನು ಮಾತ್ರ ಚಪ್ಪಟೆ ಮೂರು ಕಾಲಿನದ್ದು, ಒಂದು ಅಡಾಪ್ಟರ್ ಬೇಕು.

ಮನೆ ದುಬೈಯಲ್ಲಿ ಮಾಡುವುದೋ ಶಾರ್ಜಾದಲ್ಲೋ?

ಶಾರ್ಜಾದಲ್ಲಿ ಬಾಡಿಗೆ ಕಡಿಮೆ. ಗಂಡನ ಕೆಲಸ ದುಬೈಯಲ್ಲಾದರೆ ಉಳಿದ ದುಡ್ಡಿಗೆ ಬದಲಾಗಿ ಹೊತ್ತು ಕೊಡಬೇಕು. ಬೆಳಿಗ್ಗೆ ಸಂಜೆ ಆ ರಸ್ತೆಯ ಬ್ಲಾಕಿನಲ್ಲಿ ಕೂತವರಿಗೇ ಗೊತ್ತು. ಆ ಹೊತ್ತು ಕಳೆಯುವುದು ಗಂಡ ಒಬ್ಬನದ್ದಲ್ಲ, ಫ್ಲಾಟಿನಲ್ಲಿ ಕಾಯುವವಳದ್ದು ಕೂಡ. ಹಾಗಾಗಿ ಹೊಸ ಜೋಡಿಗೆ ನನ್ನ ಸಲಹೆ: ಒಂದು ಕೋಣೆ ಸಣ್ಣದಾದರೂ ಅಡ್ಡಿಯಿಲ್ಲ, ಮೊದಲ ವರ್ಷ ಕೆಲಸದ ಜಾಗಕ್ಕೆ ಹತ್ತಿರ, ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ಮಾಡಿ. ಹೆಂಡತಿ ಒಬ್ಬಳೇ ಹೊರಗೆ ಹೋಗಿ ಬರುವುದು ಅದರ ಮೇಲೆ ನಿಂತಿದೆ.

ಬಾಡಿಗೆ ತಿಂಗಳ ಲೆಕ್ಕದಲ್ಲಿ ಅಲ್ಲ, ವರ್ಷದ ಲೆಕ್ಕದಲ್ಲಿ. ಮುಂದಿನ ತಾರೀಕು ಹಾಕಿದ ಚೆಕ್ಕುಗಳನ್ನು ಮೊದಲೇ ಕೊಡಬೇಕು. ಒಂದೇ ಚೆಕ್ಕಿಗೆ ಬಾಡಿಗೆ ಸ್ವಲ್ಪ ಇಳಿಸುತ್ತಾರೆ, ನಾಲ್ಕಾದರೆ ಏರಿಸುತ್ತಾರೆ. ಫರ್ನಿಚರ್ ಇಲ್ಲದ ಮನೆಗೆ ಡೆಪಾಸಿಟ್ ಸಾಮಾನ್ಯವಾಗಿ ಬಾಡಿಗೆಯ ಶೇ. 5, ಏಜೆಂಟರ ಕಮಿಷನ್ ಬೇರೆ. ದುಬೈಯಲ್ಲಿ ಕರಾರನ್ನು ಇಜಾರಿ ಎಂಬ ಸರಕಾರಿ ಬಾಡಿಗೆ ನೋಂದಣಿಯಲ್ಲಿ ದಾಖಲಿಸಬೇಕು, ಹೆಂಡತಿಯ ವೀಸಾಕ್ಕೂ ಅದನ್ನು ಕೇಳುತ್ತಾರೆ. ಕರೆಂಟು-ನೀರಿನ ಸಂಪರ್ಕಕ್ಕೆ ದೇವಾದಲ್ಲಿ (ದುಬೈಯ ವಿದ್ಯುತ್ ಮತ್ತು ನೀರಿನ ಪ್ರಾಧಿಕಾರ, DEWA) ಫ್ಲಾಟಿಗೆ 2,000 ದಿರ್ಹಮ್ ಡೆಪಾಸಿಟ್. ಬಿಲ್ಲಿನಲ್ಲಿ ‘ಹೌಸಿಂಗ್ ಫೀ’ ಎಂದು ವರ್ಷದ ಬಾಡಿಗೆಯ ಶೇ. 5ರಷ್ಟು ಕಂತು ಕಂತಾಗಿ ಬರುವುದನ್ನು ಕಂಡು ಗಾಬರಿಯಾಗಬೇಡಿ, ಎಲ್ಲರಿಗೂ ಬರುತ್ತದೆ. ಜಾಹೀರಾತಿನಲ್ಲಿ ‘ಚಿಲ್ಲರ್ ಫ್ರೀ’ ಎಂದರೆ ಎಸಿಯ ತಂಪಿನ ಖರ್ಚು ಬಾಡಿಗೆಯಲ್ಲೇ ಸೇರಿದೆ. ಇದನ್ನು ಕೇಳದೆ ಸಹಿ ಹಾಕಿದರೆ ಜುಲೈ ತಿಂಗಳ ಬಿಲ್ಲು ಪಾಠ ಕಲಿಸುತ್ತದೆ.

ಕುಟುಂಬ ವೀಸಾಕ್ಕೆ ಸಂಬಳ ತಿಂಗಳಿಗೆ 4,000 ದಿರ್ಹಮ್, ಅಥವಾ 3,000 ಮತ್ತು ವಸತಿ ಇರಬೇಕು ಎಂಬುದು ನಿಯಮ. ಅಷ್ಟರಲ್ಲಿ ವೀಸಾ ಸಿಗುತ್ತದೆ, ಸಂಸಾರ ಸಾಗುವುದಿಲ್ಲ. ಸಂಬಂಧ ನೋಡುವಾಗ ‘ಫ್ಯಾಮಿಲಿ ವೀಸಾ ಉಂಟು’ ಎಂಬ ಮಾತಿಗೆ ಮರುಳಾಗುವ ಹೆಣ್ಣಿನ ಕಡೆಯವರು ಬಾಡಿಗೆ ಎಷ್ಟು ಎಂಬುದನ್ನೂ ಕೇಳಬೇಕು.

ಸೆಕೆ ಹೇಗೆ? ಕಾಸರಗೋಡಿನವರಿಗೆ ಸೆಕೆ ಹೊಸತಲ್ಲವಲ್ಲ.

ಇದು ಬೇರೆ ಸೆಕೆ. ಊರಲ್ಲಿ ಆಟಿಯ ಮಳೆ ಜಡಿಯುವ ಹೊತ್ತಿನಲ್ಲಿ ಇಲ್ಲಿ 45 ಡಿಗ್ರಿ. ಕಟ್ಟಡದ ಮೇಲಿನ ಟ್ಯಾಂಕಿ ಕಾದು, ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ. ಹಳಬರ ಉಪಾಯ ಹೀಗೆ: ಬೇಸಿಗೆಯಲ್ಲಿ ಗೀಸರಿನ ಸ್ವಿಚ್ಚು ಪೂರ್ತಿ ಆಫ್ ಮಾಡಿ. ಅದರೊಳಗಿನ ನೀರು ಎಸಿಯ ಮನೆಯೊಳಗೆ ನಿಂತು ತಣಿಯುತ್ತದೆ. ಸ್ನಾನಕ್ಕೆ ಕೆಂಪು ಗುರುತಿನ ಬಿಸಿ ನಲ್ಲಿಯನ್ನು ತಿರುಗಿಸಿ, ತಣ್ಣೀರು ಬರುತ್ತದೆ. ಒಬ್ಬರ ಸ್ನಾನಕ್ಕೆ ಸಾಕು. ಎರಡನೆಯವರು ಸ್ವಲ್ಪ ಕಾಯಬೇಕು. ಯಾರು ಮೊದಲು ಎಂಬುದನ್ನು ನೀವೇ ತೀರ್ಮಾನಿಸಿ!

ಬಟ್ಟೆಯನ್ನು ಬಾಲ್ಕನಿಯಲ್ಲಿ ಹೊರಗೆ ಕಾಣುವಂತೆ ಒಣಗಿಸಬೇಡಿ, ದಂಡ ಬೀಳಬಹುದು. ಒಳಗೇ ಸ್ಟ್ಯಾಂಡಿನಲ್ಲಿ ಹಾಕಿದರೂ ಬೇಗ ಒಣಗುತ್ತದೆ.

ಗಂಡ ಬೆಳಿಗ್ಗೆ ಹೋದರೆ ರಾತ್ರಿ ಬರುವುದು. ಫ್ಲಾಟಿನಲ್ಲಿ ಒಬ್ಬಳೇ ಕೂತು ಹುಚ್ಚು ಹಿಡಿದ ಹಾಗೆ ಆಗುತ್ತದೆ. ಇದು ನನಗೆ ಮಾತ್ರವಾ?

ಅಲ್ಲ. ನನ್ನನ್ನು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ, ಅದೂ ಕೊನೆಯಲ್ಲಿ, ಫೋನ್ ಇಡುವ ಮೊದಲು, ದನಿ ತಗ್ಗಿಸಿ.

ಊರಲ್ಲಿ ಅಡುಗೆಮನೆಯ ಬಾಗಿಲು ತೆರೆದೇ ಇರುತ್ತದೆ. ಅತ್ತೆ, ನಾದಿನಿ, ಪಕ್ಕದ ಮನೆಯವರು, ಸೊಸೈಟಿಗೆ ಹಾಲು ಕೊಟ್ಟು ಬರುವವರು, ಯಾರಾದರೂ ಒಬ್ಬರು ಒಂದು ಮಾತು ಆಡಿ ಹೋಗುತ್ತಾರೆ. ಇಲ್ಲಿ ಬಾಗಿಲು ಬಡಿಯುವವ ಗ್ರೋಸರಿಯ ಹುಡುಗ ಮಾತ್ರ. ಅವನು ಕಾಞಂಗಾಡಿನವನೋ ಉಪ್ಪಳದವನೋ ಆಗಿರುವ ಸಂಭವ ಜಾಸ್ತಿ, ಅದು ಬೇರೆ ವಿಷಯ.

ನಾನು ಗಮನಿಸಿದ ಹಾಗೆ, ಕಷ್ಟ ಬರುವುದು ಒಂಟಿತನದಿಂದ ಅಷ್ಟೇ ಅಲ್ಲ. ಸಿಮ್ ಗಂಡನ ಹೆಸರಿನಲ್ಲಿ, ಕಾರ್ಡು ಗಂಡನ ಜೇಬಿನಲ್ಲಿ, ದಾರಿ ಗಂಡನಿಗೆ ಮಾತ್ರ ಗೊತ್ತು. ಎರಡು ಲೀಟರ್ ಹಾಲು ಬೇಕಿದ್ದರೂ ಅವನಿಗೆ ಮೆಸೇಜು. ಊರಲ್ಲಿ ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡಿ ನಾಲ್ಕು ಜನರನ್ನು ಸುಧಾರಿಸಿದ ಹುಡುಗಿ ಇಲ್ಲಿ ವೀಸಾದಲ್ಲಿ ಬರೆದಂತೆ ‘ಅವಲಂಬಿತೆ’ ಆಗಿಬಿಡುತ್ತಾಳೆ. ಗಂಡ ಕೆಟ್ಟವನಾಗಿರಬೇಕೆಂದಿಲ್ಲ, ಎಲ್ಲವನ್ನೂ ತಾನೇ ಮಾಡಿಕೊಡುವ ಒಳ್ಳೆಯವನ ಮನೆಯಲ್ಲೂ ಇದೇ ಕಥೆ. ಅಂಥಲ್ಲೇ ಹೆಚ್ಚು ಎಂದರೂ ಸರಿ.

ಆದ್ದರಿಂದ ಇಲ್ಲಿನ ಗುರುತು ಚೀಟಿಯಾದ ಎಮಿರೇಟ್ಸ್ ಐಡಿ ಕೈಗೆ ಬಂದ ವಾರವೇ ಅವಳ ಹೆಸರಿನಲ್ಲಿ ಸಿಮ್, ಅವಳ ಫೋನಿನಲ್ಲಿ ಯುಎಇ ಪಾಸ್ (ಸರಕಾರಿ ಸೇವೆಗಳಿಗೆ ಬೇಕಾಗುವ ಡಿಜಿಟಲ್ ಗುರುತಿನ ಆ್ಯಪ್), ಮೆಟ್ರೋ-ಬಸ್ಸಿಗೆ ಅವಳದ್ದೇ ನೋಲ್ ಕಾರ್ಡ್ ಆಗಲಿ. ಬ್ಯಾಂಕ್ ಖಾತೆಯೂ ಬೇಕು. ಸಂಬಳವಿಲ್ಲದವರ ಖಾತೆಗೆ ಕೆಲವು ಬ್ಯಾಂಕುಗಳು ಕನಿಷ್ಠ ಮೊತ್ತ ಕೇಳುತ್ತವೆ, ವಿಚಾರಿಸಿ ತೆರೆಯಿರಿ. ರಜೆಯ ದಿನ ಇಬ್ಬರೂ ಮೆಟ್ರೋದಲ್ಲಿ ಒಂದು ಸುತ್ತು ಹೋಗಿ ಬನ್ನಿ, ಮುಂದಿನ ಸಲ ಅದೇ ದಾರಿಯಲ್ಲಿ ಅವಳು ಒಬ್ಬಳೇ ಹೋಗಲಿ. ಹೆಂಗಸರಿಗೆ, ಮಕ್ಕಳಿಗೆ ಬೇರೆ ಜಾಗ ಉಂಟು. ಬೋಗಿಯೊಳಗೆ ತಿನ್ನುವುದು ಕುಡಿಯುವುದು ಮಾಡಿದರೆ ದಂಡ, ಚ್ಯೂಯಿಂಗ್ ಗಮ್ ಕೂಡ ಬೇಡ.

ಭಾಷೆಯ ಹೆದರಿಕೆ ಬೇಡವೇ ಬೇಡ. ಕನ್ನಡ, ತುಳು, ಮಲಯಾಳ, ಜೊತೆಗೆ ಹರಕು ಮುರುಕು ಹಿಂದಿ ಇದ್ದವರು ದೇರಾದಿಂದ ಕರಾಮದವರೆಗೆ ಎಲ್ಲಿಯೂ ಬಾಯಿ ಕಟ್ಟಿ ನಿಲ್ಲುವುದಿಲ್ಲ. ಈ ವಿಷಯದಲ್ಲಿ ಬೆಂಗಳೂರಿನಿಂದ ಬಂದವರಿಗಿಂತ ನಾವು ಮುಂದೆ.

ಹೆಂಡತಿ ಡಿಪೆಂಡೆಂಟ್ ವೀಸಾದಲ್ಲಿದ್ದು ಕೆಲಸ ಮಾಡಬಹುದಾ?

ಮಾಡಬಹುದು. ಕೆಲಸ ಕೊಡುವ ಕಂಪನಿ ಕಾರ್ಮಿಕ ಸಚಿವಾಲಯದಿಂದ ವರ್ಕ್ ಪರ್ಮಿಟ್ ತೆಗೆಯಬೇಕು, ವೀಸಾ ಗಂಡನದ್ದೇ ಇರಬಹುದು. ಪಾರ್ಟ್ ಟೈಮಿಗೂ ಪರ್ಮಿಟ್ ಉಂಟು. ಪರ್ಮಿಟ್ ಇಲ್ಲದೆ ‘ಸುಮ್ಮನೆ ನಾಲ್ಕು ದಿನ ಬಾ’ ಎನ್ನುವವರ ಹತ್ತಿರ ಹೋಗಬೇಡಿ. ನರ್ಸ್ ಆಗಿದ್ದರೆ ಲೈಸೆನ್ಸ್ ಬೇರೆ ಬೇಕು, ದುಬೈಗೆ ಒಂದು ಪ್ರಾಧಿಕಾರ, ಅಬುಧಾಬಿಗೆ ಇನ್ನೊಂದು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನರ್ಸ್ ಹೆಂಡತಿಯ ವೀಸಾದಲ್ಲಿ ಗಂಡ ಬಂದದ್ದೂ ಉಂಟು. ಊರಲ್ಲಿ ಅದನ್ನು ಸ್ವಲ್ಪ ಸುತ್ತಿ ಬಳಸಿ ಹೇಳುತ್ತಾರೆ, ಇಲ್ಲಿ ಯಾರೂ ಕೇಳುವುದಿಲ್ಲ.

ದುಡ್ಡಿನ ವ್ಯವಹಾರ ಹೇಗೆ ಇಟ್ಟುಕೊಳ್ಳಬೇಕು? ಊರಿನ ತೋಟದ್ದೂ ಹೇಳಿ.

ಊರಿನ ಉಳಿತಾಯ ಖಾತೆಯನ್ನು ಹಾಗೇ ಮುಂದುವರಿಸುವಂತಿಲ್ಲ, ಅದನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಮಾಡಿಸಬೇಕು. ಇಲ್ಲಿ ದುಡಿದ ಹಣ ಕಳಿಸಲು ಎನ್‌ಆರ್‌ಇ ಖಾತೆ, ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ತೋಟದ, ಬಾಡಿಗೆಯ ಆದಾಯ ಎನ್‌ಆರ್‌ಒಗೆ ಹೋಗಲಿ. ದಿರ್ಹಮ್ ಡಾಲರಿಗೆ ಕಟ್ಟಿದ ನಾಣ್ಯ, 1 ಡಾಲರಿಗೆ 3.6725. ಆದ್ದರಿಂದ ರೂಪಾಯಿ ಡಾಲರಿನ ಎದುರು ಬಿದ್ದ ದಿನ ಎಕ್ಸ್‌ಚೇಂಜಿನ ಮುಂದೆ ಸಾಲು.

ತೋಟದ ವಿಷಯ ಜಾಗ್ರತೆ. ಅನಿವಾಸಿಯಾದ ಮೇಲೆ ಕೃಷಿ ಭೂಮಿ, ಪ್ಲಾಂಟೇಶನ್, ತೋಟದ ಮನೆ ಖರೀದಿಸುವ ಹಾಗಿಲ್ಲ, ದಾನಪತ್ರದಲ್ಲಿ ಪಡೆಯುವ ಹಾಗೂ ಇಲ್ಲ. ಮೊದಲೇ ನಿಮ್ಮ ಹೆಸರಿನಲ್ಲಿದ್ದದ್ದು, ಪಿತ್ರಾರ್ಜಿತವಾಗಿ ಬಂದದ್ದು ಇರಲು ಅಡ್ಡಿಯಿಲ್ಲ. ‘ಪಕ್ಕದ ಎರಡು ಎಕರೆ ಅಡಿಕೆ ತೋಟ ಮಾರಾಟಕ್ಕೆ ಉಂಟು, ದುಡ್ಡು ಕಳಿಸು’ ಎಂದು ಅಪ್ಪ ಫೋನ್ ಮಾಡಿದರೆ ಮೊದಲು ವಕೀಲರನ್ನು ಕೇಳಿ. ಪವರ್ ಆಫ್ ಅಟಾರ್ನಿ ಬೇಕಾದರೆ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಬಹುದು. ಅದು ಊರಿಗೆ ತಲಪಿದ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು.

ಊರಿಗೆ ಎಷ್ಟು ಕಳಿಸುವುದು ಎಂಬುದನ್ನು ಇಬ್ಬರೂ ಕೂತು ಮಾತಾಡಿ. ಅವನ ಮನೆಗೆ ಕಳಿಸುವುದು ಕರ್ತವ್ಯ, ಅವಳ ಮನೆಗೆ ಕಳಿಸುವುದು ಉಪಕಾರ ಎಂಬ ಲೆಕ್ಕ ಬಿಡಿ.

ವಾಟ್ಸಾಪಿನಲ್ಲಿ ಅಮ್ಮನಿಗೆ ವಿಡಿಯೊ ಕಾಲ್ ಹೋಗುವುದಿಲ್ಲ, ಯಾಕೆ?

ಇಲ್ಲಿ ವಾಟ್ಸಾಪಿನ ಕರೆಗಳಿಗೆ ತಡೆ ಇದೆ, ಮೆಸೇಜು ಮಾತ್ರ ಹೋಗುತ್ತದೆ. ಬೋಟಿಮ್ ಎಂಬ ಆ್ಯಪ್ ಹಾಕಿಕೊಳ್ಳಿ, ಊರಿನ ಫೋನಿಗೂ ಹೊರಡುವ ಮೊದಲೇ ಹಾಕಿಸಿ ಕಲಿಸಿಕೊಡಿ. ಗೂಗಲ್ ಮೀಟ್, ಜೂಮ್ ಕೂಡ ನಡೆಯುತ್ತವೆ. ಇಲ್ಲಿನ ಗಡಿಯಾರ ಊರಿಗಿಂತ ಒಂದೂವರೆ ಗಂಟೆ ಹಿಂದೆ. ಗಂಡ ಕೆಲಸ ಮುಗಿಸಿ ಎಂಟು ಗಂಟೆಗೆ ಮನೆ ಸೇರಿದರೆ ಊರಲ್ಲಿ ಒಂಬತ್ತೂವರೆ, ಹಿರಿಯರು ಮಲಗುವ ಹೊತ್ತು. ಹಾಗಾಗಿ ದಿನಾ ಕರೆ ಮಾಡುವ ವಚನ ಕೊಡಬೇಡಿ, ಒಂದು ದಿನ ತಪ್ಪಿದರೆ ಏನೋ ಆಗಿದೆ ಎಂದು ಗಾಬರಿಯಾಗುತ್ತಾರೆ. ‘ಎಂತ ವಿಶೇಷ ಉಂಟಾ?’ ಎಂಬ ಪ್ರಶ್ನೆಗೆ ಉತ್ತರಿಸುವ ಕೆಲಸ ಗಂಡನದ್ದಾಗಲಿ. ಸೊಸೆಯ ಬಾಯಿಂದ ಬರುವ ‘ಇಲ್ಲ’ಕ್ಕೂ ಮಗನ ಬಾಯಿಂದ ಬರುವ ‘ಇಲ್ಲ’ಕ್ಕೂ ಊರಲ್ಲಿ ಬೆಲೆ ಬೇರೆ.

ಜಗಳ ಆದರೆ ಎಲ್ಲಿಗೆ ಹೋಗುವುದು? ತವರುಮನೆ ಸಮುದ್ರದ ಆಚೆ.

ಸಣ್ಣ ಜಗಳಕ್ಕೆ: ಕೆಳಗಿಳಿದು ಒಂದು ಕರಕ್ ಚಾ. ಊರಿನ ಗ್ರೂಪಿಗೆ ಮಾತ್ರ ಹಾಕಬೇಡಿ. ನಿಮಗಿಬ್ಬರಿಗೆ ಎರಡು ದಿನದಲ್ಲಿ ಮರೆತುಹೋಗುವುದು ನೀರ್ಚಾಲಿನಲ್ಲಿ ಎರಡು ವರ್ಷ ನೆನಪಿರುತ್ತದೆ.

ಕೈ ಮಾಡಿದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ, ಹೊರಗೆ ಬಿಡದಿದ್ದರೆ ಅದು ಜಗಳವಲ್ಲ. ಪೊಲೀಸ್ 999. ದುಬೈಯಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ಇರುವ ಪ್ರತಿಷ್ಠಾನದ ಸಹಾಯವಾಣಿ 800111. ಭಾರತೀಯರ ನೆರವಿಗೆ ಇರುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ 80046342. ಈ ಸಂಖ್ಯೆಗಳನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ, ಮದುವೆ ಎಷ್ಟೇ ಚಂದ ಇದ್ದರೂ.

ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಇಲ್ಲಿನವರಿಂದ ಚಂದಾ ಎತ್ತಿಕೊಡಲು ಹೇಳಿದ್ದಾರೆ.

ಎತ್ತಬೇಡಿ. ಅನುಮತಿ ಪಡೆದ ಸಂಸ್ಥೆಗಳ ಹೊರತು ಬೇರೆ ಯಾರೂ ಇಲ್ಲಿ ದೇಣಿಗೆ ಸಂಗ್ರಹಿಸುವ ಹಾಗಿಲ್ಲ, ವಾಟ್ಸಾಪ್ ಗ್ರೂಪಿನಲ್ಲಿ ಕೇಳುವುದೂ ತಪ್ಪಾಗುತ್ತದೆ. ದೇವಸ್ಥಾನ, ಮಸೀದಿ, ಶಾಲೆ, ಯಕ್ಷಗಾನದ ಮೇಳ ಯಾವುದಾದರೂ ಅಷ್ಟೇ. ನಿಮ್ಮ ಪಾಲನ್ನು ನೀವು ನಿಮ್ಮ ಊರಿನ ಖಾತೆಯಿಂದ ನೇರ ಕೊಡಿ. ಸಮಿತಿಯವರಿಗೆ ಬೇಜಾರಾದರೆ ಆಗಲಿ. ಹಾಗೆಯೇ ಗುರುತಿಲ್ಲದವರ ಫೋಟೊ ತೆಗೆದು ಹಾಕುವುದು, ಸಿಟ್ಟಿನಲ್ಲಿ ಬೈಗುಳದ ಮೆಸೇಜು ಕಳಿಸುವುದು ಇಲ್ಲಿ ಕೇಸಾಗುವ ವಿಷಯ.

ಇಲ್ಲಿ ನಾವು ಕೇರಳದವರೋ ಕರ್ನಾಟಕದವರೋ?

ಮಲಯಾಳಿಗಳ ಓಣಂ ಊಟಕ್ಕೂ ಕರೆಯುತ್ತಾರೆ, ನವೆಂಬರಿನ ರಾಜ್ಯೋತ್ಸವಕ್ಕೂ ಕರೆಯುತ್ತಾರೆ. ಎರಡಕ್ಕೂ ಹೋಗಿ. ಕನ್ನಡದ, ತುಳುವಿನ ಸಂಘಗಳು ಬೇಕಾದಷ್ಟಿವೆ, ಯಕ್ಷಗಾನ ಕಲಿಸುವವರಿದ್ದಾರೆ, ಮಕ್ಕಳಿಗೆ ಸ್ವಯಂಸೇವಕರು ನಡೆಸುವ ಕನ್ನಡ ಪಾಠಶಾಲೆ ದುಬೈಯಲ್ಲಿದೆ. ‘ಕೇರಳ ಪಾಸ್‌ಪೋರ್ಟು, ಕನ್ನಡ ಹೇಗೆ?’ ಎಂದು ಕೇಳುವವರಿಗೆ ಕಾಸರಗೋಡು ಕೇರಳಕ್ಕೆ ಸೇರಿದ 1956ರ ಕಥೆ ಹೇಳುತ್ತಾ ಕೂರಲು ಪುರುಸೊತ್ತು ಇದ್ದರೆ ಹೇಳಿ. ನಾನು ಈಗ ಬಿಟ್ಟಿದ್ದೇನೆ.

ಆದರೆ ಸವಲತ್ತಿನ ವಿಷಯಕ್ಕೆ ಬಂದಾಗ ನೀವು ಕೇರಳದವರೇ. ಆರು ತಿಂಗಳು ಹೊರದೇಶದಲ್ಲಿದ್ದ ಮೇಲೆ ನೋರ್ಕಾದ ಗುರುತು ಕಾರ್ಡು ಮಾಡಿಸಬಹುದು. ಹೊರಗೆ ದುಡಿಯುವವರಿಗಾಗಿ ಇರುವ ಕೇರಳ ಪ್ರವಾಸಿ ಕ್ಷೇಮ ಮಂಡಳಿಗೆ 18ರಿಂದ 60ರ ಒಳಗೆ ಸೇರಿ ತಿಂಗಳು ತಿಂಗಳು ಕಟ್ಟಿದರೆ 60 ದಾಟಿದ ಮೇಲೆ ಪಿಂಚಣಿ. ನಮ್ಮ ಕನ್ನಡದವರು ಇದಕ್ಕೆ ಸೇರುವುದು ಕಡಿಮೆ, ಅರ್ಜಿ ಮಲಯಾಳದಲ್ಲಿರುತ್ತದೆ ಎಂಬ ಅಳುಕು. ಆನ್‌ಲೈನಿನಲ್ಲಿ ಇಂಗ್ಲಿಷಿನಲ್ಲೂ ತುಂಬಬಹುದು.

ಪೂಜೆ, ಹಬ್ಬ?

ಬರ್ ದುಬೈಯ ಹಳೆಯ ಶಿವಮಂದಿರ ಈಗ ಜೆಬೆಲ್ ಅಲಿಗೆ ಹೋಗಿದೆ, ಅಲ್ಲಿ 2022ರಲ್ಲಿ ತೆರೆದ ದೊಡ್ಡ ಹಿಂದೂ ದೇವಸ್ಥಾನವೂ ಉಂಟು. ಅಬುಧಾಬಿಯ ಬಿಎಪಿಎಸ್ ಸ್ವಾಮಿನಾರಾಯಣ ಮಂದಿರ 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕ್ರೈಸ್ತರಿಗೆ ಊದ್ ಮೇಥಾದಲ್ಲಿ ಸೇಂಟ್ ಮೇರೀಸ್ ಚರ್ಚ್. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ರಸ್ತೆಯಲ್ಲಿ ತಿನ್ನುವುದು ಕುಡಿಯುವುದು ಬೇಡ. ಕೆಲಸದ ಹೊತ್ತು ದಿನಕ್ಕೆ ಎರಡು ಗಂಟೆ ಕಡಿಮೆ, ಗಂಡ ಬೇಗ ಮನೆಗೆ ಬರುವ ತಿಂಗಳು ಅದೊಂದೇ.

ಬಾಣಂತನಕ್ಕೆ ಊರಿಗೆ ಹೋಗುವುದಾ, ಇಲ್ಲೇ ಇರುವುದಾ?

ಊರಿಗೆ ಹೋಗುವುದಾದರೆ ಒಂದು ಲೆಕ್ಕ ತಪ್ಪಬಾರದು. ಆರು ತಿಂಗಳಿಗಿಂತ ಹೆಚ್ಚು ಯುಎಇಯ ಹೊರಗೆ ಇದ್ದರೆ ಸಾಮಾನ್ಯ ರೆಸಿಡೆನ್ಸ್ ವೀಸಾ ರದ್ದಾಗುತ್ತದೆ. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ಹೋಗಿ, ಹೆರಿಗೆಯಾಗಿ, ಬಾಣಂತನ ಮುಗಿದು, ಮಗುವಿಗೆ ಪಾಸ್‌ಪೋರ್ಟ್ ಆಗುವಾಗ ಆರು ತಿಂಗಳು ಹೇಗೆ ಕಳೆಯಿತೆಂದು ಗೊತ್ತಾಗುವುದಿಲ್ಲ. ಕಾರಣ ತೋರಿಸಿ, ದಂಡ ಕಟ್ಟಿ ಮರುಪ್ರವೇಶದ ಅನುಮತಿ ಕೇಳಲು ಅವಕಾಶ ಉಂಟು, ಆದರೆ ಅದನ್ನು ನಂಬಿ ಕೂರಬೇಡಿ. ಇಲ್ಲೇ ಹೆರಿಗೆಯಾದರೆ ವಿಮೆಯಲ್ಲಿ ಹೆರಿಗೆ ಸೇರಿದೆಯೇ, ಎಷ್ಟು ತಿಂಗಳು ಕಾಯಬೇಕು ಎಂದು ಮೊದಲೇ ಓದಿ. ಮಗು ಹುಟ್ಟಿದ 120 ದಿನದೊಳಗೆ ಅದರ ವೀಸಾ ಆಗಬೇಕು. ಅದಕ್ಕೆ ಮೊದಲು ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್.

ಕೆಲಸ ಹೋದರೆ?

ಐಎಲ್‌ಒಇ ಎಂಬ ಕೆಲಸ ನಷ್ಟದ ವಿಮೆ 2023ರಿಂದ ಕಡ್ಡಾಯ. ಮೂಲ ಸಂಬಳ 16,000 ದಿರ್ಹಮ್‌ವರೆಗೆ ಇದ್ದವರಿಗೆ ತಿಂಗಳಿಗೆ 5 ದಿರ್ಹಮ್. ಕನಿಷ್ಠ 12 ತಿಂಗಳು ಕಟ್ಟಿದ್ದರೆ ಮೂಲ ಸಂಬಳದ ಶೇ. 60 ಮೂರು ತಿಂಗಳವರೆಗೆ ಸಿಗುತ್ತದೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಯಿಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ 30 ದಿನದ್ದು. ಗಂಡನ ವೀಸಾ ಹೋದರೆ ಹೆಂಡತಿ ಮಕ್ಕಳದ್ದೂ ಹೋಗುತ್ತದೆ, ಆದ್ದರಿಂದ ವಿಷಯವನ್ನು ಹೆಂಡತಿಯಿಂದ ಮುಚ್ಚಿಡಬೇಡಿ. ಮುಚ್ಚಿಟ್ಟು ಬೆಳಿಗ್ಗೆ ಬ್ಯಾಗು ಹಿಡಿದು ಹೊರಡುವವರನ್ನು ನೋಡಿದ್ದೇನೆ.

ಊರಿನ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದಾ?

ರೆಸಿಡೆನ್ಸ್ ವೀಸಾ ಆದ ಮೇಲೆ ಇಲ್ಲ. ಕ್ಲಾಸು, ಟೆಸ್ಟು ಎಲ್ಲ ಆಗಬೇಕು, ಖರ್ಚು ಜಾಸ್ತಿ. ಸಾಧ್ಯವಾದರೆ ಇಬ್ಬರೂ ಕಲಿಯಿರಿ.

ಊರಿಗೆ ಹೋಗಲು ಮಂಗಳೂರು ಒಳ್ಳೆಯದಾ ಕಣ್ಣೂರಾ?

ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ಮಂಗಳೂರು. ತೃಕರಿಪುರ, ನೀಲೇಶ್ವರದವರಿಗೆ ಕಣ್ಣೂರು, ಅದು 2018ರ ಡಿಸೆಂಬರಿನಲ್ಲಿ ಶುರುವಾದದ್ದು. ಕಾಸರಗೋಡು ಪೇಟೆಯವರು ಟಿಕೆಟಿನ ದರ ನೋಡಿ ತೀರ್ಮಾನಿಸಿ. ಜುಲೈ, ಆಗಸ್ಟಿನ ಶಾಲೆ ರಜೆಯಲ್ಲಿ, ಡಿಸೆಂಬರಿನಲ್ಲಿ ದರ ಮೇಲೇರುತ್ತದೆ. ಮಕ್ಕಳಿಲ್ಲದ ಜೋಡಿಗಳು ಆ ತಿಂಗಳುಗಳನ್ನು ಬಿಟ್ಟು ಫೆಬ್ರವರಿಯಲ್ಲಿ ಹೋಗಿ. ಜಾತ್ರೆ, ನೇಮ, ಆಟ ಎಲ್ಲ ಸಿಗುತ್ತದೆ, ಟಿಕೆಟೂ ಅಗ್ಗ.